ಕೋಡಂಗಿ ಮೀನಿನ ಯಜಮಾನಿಕೆ

ನಮ್ಮನೆಯಲ್ಲಿ ಆಗ ಅತ್ತೆಯ ಮೀನು ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಬೀರುವಿನ ಕೀಲಿಯೂ ಅವರ ಸೊಂಟದಲ್ಲೇ ಇತ್ತು. ಗಂಡನದು ಎರಡನೆಯದು. ನನ್ನದು ಮೂರನೆಯದು, ಅಂದರೆ ಕೊನೆಯದು. ಮೂರೂ ಕೋಡಂಗಿ ಮೀನುಗಳು. ಕಿತ್ತಳೆ ಮೈ, ಮೇಲೆ ಬಿಳಿ ಪಟ್ಟೆ, ನೋಡಿದರೆ ಮದುವೆ ಮನೆಯ ಬ್ಯಾಂಡ್‌ಸೆಟ್ಟಿನವರ ಹಾಗೆ. ಹಾಲಿನ ಗೋಡೆಗೆ ಒತ್ತಿ ಇಟ್ಟಿದ್ದ ಗಾಜಿನ ತೊಟ್ಟಿಯಲ್ಲಿ ಅವು ಇಡೀ ದಿನ ಓಡಾಡುತ್ತಿದ್ದವು, ಅವುಗಳ ಲೆಕ್ಕದಲ್ಲಿ ನಾವು ಓಡಾಡುತ್ತಿದ್ದೆವು. ನಮ್ಮೂರಿನಿಂದ ಸಮುದ್ರ ಎಷ್ಟು ದೂರ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಹೋಗಿ ನೋಡಿ ಬಂದವರೂ ಇಲ್ಲ. ಆದರೆ ಉಪ್ಪುನೀರಿನ ತೊಟ್ಟಿ ಇಲ್ಲದ ಮನೆ ಊರಿಗೇ ಒಂದಿಲ್ಲ.

ದೊಡ್ಡ ಮೀನು ಯಾರದೋ, ಮನೆ ಅವರು ಹೇಳಿದ ಹಾಗೆ ನಡೆಯಬೇಕು. ಸಾರಿಗೆ ಹುಣಸೆಹಣ್ಣು ಎಷ್ಟು ಅನ್ನುವುದರಿಂದ ಹಿಡಿದು ಮಗುವಿಗೆ ಹೆಸರೇನು ಅನ್ನುವ ತನಕ ಅವರದೇ ತೀರ್ಮಾನ. ತರಕಾರಿಯವನು ಗೇಟಿನಲ್ಲಿ ನಿಂತು, "ದೊಡ್ಡ ಮೀನಿನವರನ್ನ ಕಳಿಸಿ" ಅಂತಲೇ ಕೂಗುವುದು. ನಾನು ಹೋಗಿ ನಿಂತರೆ ಬದನೆಕಾಯಿ ಮುಟ್ಟೋಕೂ ಬಿಡುತ್ತಿರಲಿಲ್ಲ. ನಮ್ಮ ರತ್ನಾಕರ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ದೊಡ್ಡ ಮೀನಿನವರಿಗೆ, ಹಿಂದಿನ ಸಾಲು ಎರಡನೆಯವರಿಗೆ, ಅದಕ್ಕಿಂತ ಕೆಳಗಿನವರೆಲ್ಲ ಕಾಫಿ ಹಂಚಬೇಕು. ಎರಡನೇ ಮಹಡಿಯ ಜಡ್ಜ್ ಸಾಹೇಬರು ಕೋರ್ಟಿನಲ್ಲಿ ಏನೇ ಆಗಿರಲಿ, ಮನೆಯಲ್ಲಿ ಅವರದು ನಾಲ್ಕನೇ ಮೀನು. ಹಾಗಾಗಿ ಪ್ರತಿ ಸಭೆಯಲ್ಲೂ ನನ್ನ ಪಕ್ಕ ನಿಂತು ಲೋಟ ತೊಳೆದವರು ಅವರು. ಪಾಪ, ಬಹಳ ನೀಟಾಗಿ ತೊಳೆಯುತ್ತಿದ್ದರು.

ಮದುವೆಯಾಗಿ ಬಂದ ಹೆಣ್ಣು ಸೇರು ಒದ್ದು ಒಳಗೆ ಕಾಲಿಟ್ಟ ಮೇಲೆ ಮಾಡಬೇಕಾದ ಮೊದಲ ಕೆಲಸ ತನ್ನ ಮೀನನ್ನು ತೊಟ್ಟಿಗೆ ಬಿಡುವುದು. ನನ್ನದು ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಆ ಚೀಲವನ್ನು ಹಾಗೇ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬೆಚ್ಚಗಾಗುವ ತನಕ ಕಾಯಬೇಕು. ತಾಳಿ ಕಟ್ಟುವ ಹೊತ್ತಿಗೆ ಊಟದ ಸಾಲಿನಲ್ಲಿ ಜಾಗ ಹಿಡಿದವರೂ ಇದನ್ನು ನೋಡಲು ಮಾತ್ರ ತಪ್ಪಿಸಿಕೊಳ್ಳುವುದಿಲ್ಲ. ದೊಡ್ಡ ಮೀನು ಬಂದು ಚೀಲದ ಹೊರಗಿನಿಂದ ಗುರಾಯಿಸುತ್ತದೆ. ಆಗ ಒಳಗಿನ ಚಿಕ್ಕದು ಒಂದು ಪಕ್ಕಕ್ಕೆ ವಾಲಿಕೊಂಡು ಗಡಗಡ ನಡುಗಬೇಕು. ನಡುಗಿದರೆ, ನೀವೇ ದೊಡ್ಡವರು ಅಂತ ಒಪ್ಪಿಕೊಂಡ ಹಾಗೆ, ದೊಡ್ಡದು ಸುಮ್ಮನಾಗುತ್ತದೆ. ನಡುಗದಿದ್ದರೆ ಗಂಟು ಬಿಚ್ಚಿದ ಮೇಲೆ ರೆಕ್ಕೆ, ಬಾಲ ಒಂದೂ ಉಳಿಸುವುದಿಲ್ಲ. ಮೀನಿಲ್ಲದವರಿಗೆ ಹೊಸಿಲೊಳಗೆ ಹಾಸಿಗೆಯೂ ಇಲ್ಲ. ನನ್ನದು ಎಷ್ಟು ಸೊಗಸಾಗಿ ನಡುಗಿತು ಅಂದರೆ, ಅತ್ತೆ ಚಂಪಕಮ್ಮನವರು ನಮ್ಮಮ್ಮನ ಕಡೆ ತಿರುಗಿ, "ಒಳ್ಳೇ ಸಂಸ್ಕಾರ ಕೊಟ್ಟು ಬೆಳೆಸಿದೀರಿ" ಅಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು, ಆದರೂ ಬಗ್ಗಿ ಕಾಲು ಮುಟ್ಟಿದೆ.

ಅಲ್ಲಿಂದ ಶುರುವಾಯಿತು ನನ್ನ ಚಾಕರಿ. ಬೆಳಿಗ್ಗೆ ಎದ್ದ ತಕ್ಷಣ ಗಾಜಿನ ಒಳಗಡೆ ಕಟ್ಟಿದ ಪಾಚಿ ಉಜ್ಜಬೇಕು. ಆವಿಯಾಗಿ ಹೋದ ನೀರಿಗೆ ಬದಲು ಸಪ್ಪೆ ನೀರು ತುಂಬಬೇಕು, ಉಪ್ಪುನೀರು ತುಂಬಿದರೆ ಕೆಟ್ಟೆ, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ, ಅಲ್ಲೇ ಕೂತಿರುತ್ತದೆ. ನಮ್ಮತ್ತೆಯ ಹಾಗೆ. ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಉಪ್ಪು ಕಲಸಿ ಹಳೇ ನೀರು ತೆಗೆದು ಹೊಸದು ಹಾಕಬೇಕು. ಕೈ ಚರ್ಮವೆಲ್ಲ ಬಿರಿದು ಉಪ್ಪಿನಕಾಯಿ ಹೋಳಿನಂತಾಗಿತ್ತು. ಇಷ್ಟು ಮಾಡಿಯೂ ನನ್ನ ಮೀನು ಒಂದಿಷ್ಟೂ ಬೆಳೆಯಲಿಲ್ಲ. ಅದು ಮೂರನೇ ಮೀನಿನ ಜಾಣತನ. ಬೆಳೆದರೆ ಮೇಲಿನವರ ಕಣ್ಣಿಗೆ ಬಿದ್ದು ಕಚ್ಚಿಸಿಕೊಳ್ಳಬೇಕಾಗುತ್ತದೆ ಅಂತ ತಿಳಿದು, ಹಾಕಿದ ಕಾಳು ತಿಂದರೂ ತಿನ್ನದ ಹಾಗೆ ಸಣ್ಣಗೇ ಇರುತ್ತದೆ. ನಾನೂ ಹಾಗೇ ಇದ್ದೆ. ಹಸಿವಾದರೆ ಅಡುಗೆಮನೆಯಲ್ಲಿ ನಿಂತುಕೊಂಡು ತಿಂದು, ಮೇಜಿಗೆ ಕೂತಾಗ "ನಂಗೆ ಸಾಕು" ಅನ್ನುತ್ತಿದ್ದೆ.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು, ಅಮ್ಮನ ವಿಷಯ ಬರದಿದ್ದಿದ್ದರೆ. ಅಮ್ಮ ಊರಿನ ಇನ್ನೊಂದು ತುದಿಯಲ್ಲಿ ನನ್ನ ತಮ್ಮ ಪ್ರಹ್ಲಾದನ ಫ್ಲ್ಯಾಟಿನಲ್ಲಿದ್ದಳು. ಆ ಮನೆಯ ತೊಟ್ಟಿಯಲ್ಲಿ ಅವಳ ಮೀನು ಸತ್ತುಹೋಯಿತು, ವಯಸ್ಸಾಗಿತ್ತು ಅದಕ್ಕೆ. ಇನ್ನೊಂದು ಮರಿ ತಂದು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ತಮ್ಮನ ಹೆಂಡತಿಯ ಮೀನು ದೊಡ್ಡದು, ಅವಳು "ತೊಟ್ಟಿಲಿ ಈಗಾಗಲೇ ಇಕ್ಕಟ್ಟು" ಅಂದುಬಿಟ್ಟಳು. ನಮ್ಮ ಪ್ರಹ್ಲಾದ ತಲೆ ಆಡಿಸಿದ. ಹೀಗಾಗಿ ಅಮ್ಮನ ಹಾಸಿಗೆ ಹೊಸಿಲ ಹೊರಗೆ, ಮಹಡಿಯ ಓಣಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಬಂತು. ಮಂಡಿ ನೋವಿನವಳು, ಒಂದು ಸಲ ಕೂತರೆ ಗೋಡೆ ಹಿಡಿಯದೆ ಏಳಲಾರಳು. ಲಿಫ್ಟಿನಿಂದ ಇಳಿದವರು ಅವಳ ಕಾಲು ದಾಟಿಕೊಂಡು ಹೋಗುತ್ತಿದ್ದರು. ನಾನು ನೋಡಲು ಹೋದಾಗ, "ಇಲ್ಲಿ ಗಾಳಿ ಚೆನ್ನಾಗಿ ಬರತ್ತೆ ಕಣೇ ಇಂದೂ" ಅಂದಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅತ್ತುಕೊಂಡೇ ಬಂದೆ. ಏನಾದರೂ ಆಗಲಿ, ಅಮ್ಮನನ್ನು ನಮ್ಮನೆಗೆ ತಂದಿಟ್ಟುಕೊಳ್ಳಲೇಬೇಕು ಅಂತ ನಿಶ್ಚಯ ಮಾಡಿದೆ.

ಜಾಗ ಇಲ್ಲ ಅಂತೇನಲ್ಲ. ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಕೋಣೆ ಇತ್ತು, ಕಿಟಕಿ, ಫ್ಯಾನು, ಪಕ್ಕದಲ್ಲೇ ಬಚ್ಚಲು. ಅದಕ್ಕೆ ಉಪ್ಪಿನ ಕೋಣೆ ಅಂತ ಹೆಸರು. ಉಪ್ಪಿನ ಬಕೆಟ್ಟುಗಳು, ಹೆಚ್ಚುವರಿ ಪಂಪು, ಕೊಳವೆಗಳ ಸುರುಳಿ, ಮತ್ತೆ ಗೋಡೆಯ ಕಡೆ ಒಂದು ಆಸ್ಪತ್ರೆ ತೊಟ್ಟಿ. ಮೀನಿಗೆ ಕಾಯಿಲೆ ಬಂದರೆ ಬೇರೆ ಇಟ್ಟು ಔಷಧಿ ಹಾಕುವುದಕ್ಕೆ. ನಾನು ಬಂದಾಗಿನಿಂದ ನಮ್ಮನೆಯ ಒಂದು ಮೀನಿಗೂ ಶೀತ ಕೂಡ ಆದದ್ದಿಲ್ಲ. ಆದರೂ ಆ ತೊಟ್ಟಿಯ ನೀರು ಯಾವಾಗಲೂ ಬೆಚ್ಚಗೆ, ತಿಳಿಯಾಗಿ, ಗುಳುಗುಳು ಅನ್ನುತ್ತ ಬಾರದ ರೋಗಿಗೆ ಕಾಯುತ್ತಿತ್ತು. ಅತ್ತೆಯ ಹತ್ತಿರ ಹೋಗಿ ಕೇಳಿದೆ. ಅವರು ಹೂ ಕಟ್ಟುತ್ತ ಕೂತಿದ್ದರು. "ಮೀನಿಗೆ ಹುಷಾರು ತಪ್ಪಿದರೆ ಎಲ್ಲಿಡೋಣ ಇಂದುಮತಿ? ನಿಮ್ಮಮ್ಮನ ತಲೆ ಮೇಲಾ?" ಅಂದರು. ಅಷ್ಟೇ, ಮಾತು ಮುಗಿಯಿತು. ಹೂ ಕಟ್ಟುವುದು ಮುಂದುವರಿಯಿತು.

ನನ್ನ ಗಂಡ ಮುಕುಂದ ಆಗ ದೇವರಂಥ ಮನುಷ್ಯ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ನೆಪ ಮಾಡಿಕೊಂಡು ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡ. ನನ್ನ ಕೈಯಲ್ಲಿ ಇದ್ದಿದ್ದರೆ ನಾಳೆನೇ ಹೋಗಿ ಅವರನ್ನ ಕರ್ಕೊಂಡು ಬಂದ್ಬಿಡ್ತಿದ್ದೆ" ಅನ್ನುತ್ತಿದ್ದರು. ಹೇಳುವಾಗ ಅವರ ಕಣ್ಣೂ ಒದ್ದೆಯಾಗುತ್ತಿತ್ತು. ಒದ್ದೆ ಬಟ್ಟೆಯ ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಹೇಳುತ್ತಿದ್ದರು, ಅದೊಂದು ಬೇರೆ. ನಾನು ನಂಬಿದೆ. ನೀವಾಗಿದ್ದರೂ ನಂಬುತ್ತಿದ್ದಿರಿ.

ಶ್ರೀರಾಮನವಮಿಯ ದಿನ ಅಪಾರ್ಟ್‌ಮೆಂಟಿನ ಹೆಂಗಸರನ್ನೆಲ್ಲ ಅತ್ತೆ ಮನೆಗೆ ಕರೆದಿದ್ದರು. ಹೆಸರಿಗೆ ಕೋಸಂಬರಿ ಪಾನಕ, ನಿಜಕ್ಕೆ ತಮ್ಮ ಮೀನಿನ ಪ್ರದರ್ಶನ. ತೊಟ್ಟಿಯ ಮೇಲಿನ ಗಾಜಿನ ಮುಚ್ಚಳದಲ್ಲಿ ಉಪ್ಪಿನ ಪೊರೆ ಕಟ್ಟಿ ಮೇಲಿನಿಂದ ಸರಿಯಾಗಿ ಕಾಣುವುದಿಲ್ಲ ಅಂತ ಮುಚ್ಚಳವನ್ನೇ ತೆಗೆಸಿದರು. "ಮೀನು ಹಾರತ್ತೆ ಅತ್ತೆ" ಅಂದೆ. "ನನ್ನ ಮೀನಿಗೆ ಮರ್ಯಾದೆ ಗೊತ್ತು" ಅಂದರು. ಎದುರುಮನೆ ಕಾತ್ಯಾಯಿನಿ ಬಗ್ಗಿ ನೋಡಿ, "ಅಬ್ಬಾ, ಎಷ್ಟು ದಪ್ಪಗಿದೆ ಆಂಟಿ" ಅಂದಳು. ಅತ್ತೆ ಹಿಗ್ಗಿ ಹೀರೇಕಾಯಾದರು. ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ ಕೊಂಡಾಡಿದ್ದೇ ಕೊಂಡಾಡಿದ್ದು. ಅಷ್ಟು ಮುಖಗಳು ನೆತ್ತಿಯ ಮೇಲೆ ಬಂದರೆ ಯಾವ ಮೀನು ತಾನೇ ಸುಮ್ಮನಿದ್ದೀತು? ಒಂದು ಸಲ ಚಂಗನೆ ನೆಗೆದದ್ದೇ, ತೊಟ್ಟಿಯ ಪಕ್ಕದ ಸ್ಟೂಲಿನ ಮೇಲಿದ್ದ ಪಾನಕದ ಪಾತ್ರೆಗೆ ಬಿತ್ತು. ಗದ್ದಲದಲ್ಲಿ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ಆಣೆ. ಕಾತ್ಯಾಯಿನಿ ಎರಡನೇ ಲೋಟ ಬಗ್ಗಿಸಿಕೊಳ್ಳುವಾಗ ಸೌಟಿನಲ್ಲಿ ಬೆಲ್ಲ, ಏಲಕ್ಕಿ, ಕರಬೂಜದ ಹೋಳುಗಳ ಜೊತೆ ಮನೆಯ ಯಜಮಾನಿಕೆಯೂ ಬಂತು.

ಅತ್ತೆ ಸೊಂಟದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. ಅಳಲಿಲ್ಲ, ಕೂಗಾಡಲಿಲ್ಲ. ಊರಿನ ಪದ್ಧತಿ ಅವರಿಗೂ ಗೊತ್ತಲ್ಲ. ಅಂದು ಸಂಜೆಯೇ ಮುಕುಂದ ಅಂಗಡಿಗೆ ಹೋಗಿ ಅವರಿಗೆ ಉಗುರಿನಷ್ಟು ಪುಟ್ಟ ಮರಿ ತಂದುಬಿಟ್ಟರು. ಅದು ಚೀಲದೊಳಗಿಂದಲೇ ಮುಕುಂದರ ಮೀನಿಗೂ ನಡುಗಿತು, ನನ್ನ ಮೀನಿಗೂ ನಡುಗಿತು. ಸುಳ್ಳು ಯಾಕೆ ಹೇಳಲಿ, ನನ್ನದಕ್ಕೆ ನಡುಗಿದ್ದನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅತ್ತೆ ಪಾಚಿ ಉಜ್ಜುವ ಬ್ರಷ್ಷು ಎಲ್ಲಿದೆ ಅಂತ ನನ್ನನ್ನು ಕೇಳಿದರು.

ಕೋಡಂಗಿ ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವಾಗಲೂ ಹೆಣ್ಣೇ. ಹೆಣ್ಣು ಹೋದರೆ ಎರಡನೇ ಸ್ಥಾನದಲ್ಲಿದ್ದ ಗಂಡು ತಾನೇ ದಪ್ಪಗಾಗಿ ಬೆಳೆದು ಹೆಣ್ಣಾಗುತ್ತದೆ. ನಮ್ಮೂರಲ್ಲಿ ಇದನ್ನು ಶಾಲೆಗೆ ಸೇರದ ಮಕ್ಕಳೂ ಹೇಳುತ್ತವೆ. ಮುಕುಂದರ ಮೀನೂ ಬೆಳೆಯತೊಡಗಿತು, ಅದರ ಜೊತೆ ಮುಕುಂದರೂ. ಮೀಸೆ ಗೀಸೆ ಇದ್ದ ಹಾಗೇ ಇತ್ತು ಬಿಡಿ, ಹಾಗೇನೂ ಅಂದುಕೊಳ್ಳಬೇಡಿ. ಆದರೆ ಕೀಲಿಗೊಂಚಲನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಒಗ್ಗರಣೆ ವಾಸನೆ ಬಂದರೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಕರಿಬೇವು ಇಷ್ಟೊಂದು ಯಾಕೆ?" "ಹಾಲಿಗೆ ನೀರು ಯಾರು ಬೆರೆಸಿದ್ದು?" "ತಲೆ ಬಾಚಿದ ಕೂದಲು ಬಚ್ಚಲಲ್ಲಿ ಬಿದ್ದಿದೆ." ಅದೇ ರಾಗ, ಅದೇ ತಾಳ. ನಾನು ಮದುವೆಯಾದದ್ದು ಮಗನನ್ನ, ಬಾಳುವೆ ಮಾಡುತ್ತಿರುವುದು ಮಾತ್ರ ಮತ್ತೆ ಅತ್ತೆಯ ಜೊತೆಗೇ.

ಆದರೂ ಕೊಟ್ಟ ಮಾತಿತ್ತಲ್ಲ. ಒಂದು ಸಂಜೆ ಕಾಫಿ ಕೊಟ್ಟು, "ರೀ, ಅಮ್ಮನ್ನ ಕರ್ಕೊಂಡು ಬರೋಣವಾ? ಉಪ್ಪಿನ ಕೋಣೆ ಗುಡಿಸಿ ಇಡ್ತೀನಿ" ಅಂದೆ. ಅವರು ಕಾಫಿ ಹೀರಿ, ಲೋಟ ಕೆಳಗಿಟ್ಟು, "ನೋಡೇ, ಆಸ್ಪತ್ರೆ ತೊಟ್ಟಿ ಇಲ್ಲದ ಮನೆ ಮನೆಯಾ?" ಅಂದರು. ಬಾಲ್ಕನಿಯಲ್ಲಿ ಏನು ಹೇಳಿದ್ದಿರಿ ಅಂತ ನೆನಪಿಸಿದೆ. "ಆಗ ನಂಗೇನು ಗೊತ್ತಿತ್ತು? ಜವಾಬ್ದಾರಿ ತಲೆ ಮೇಲೆ ಬಿದ್ದಮೇಲೆ ತಾನೇ ಗೊತ್ತಾಗೋದು" ಅಂದರು. ನಾನು ಒಳಗೆ ಹೋಗಿ ಸೌಟು ಎಸೆದೆ. ಶಬ್ದ ಆಗಬಾರದು ಅಂತ ಗೋಣಿಚೀಲದ ಮೇಲೆ ಎಸೆದೆ.

ಈಗ ಅತ್ತೆಯ ಸರದಿ. ಎಲ್ಲರಿಗಿಂತ ಕೆಳಗಿಳಿದ ಮೇಲೆ ಅವರ ಮಾತು ಬೆಣ್ಣೆಯಾಗಿತ್ತು. ಬಕೆಟ್ಟಿನಲ್ಲಿ ಉಪ್ಪು ಕಲಸುತ್ತ ಕೂತಾಗ, "ಪಾಪ, ನಿಮ್ಮಮ್ಮನ ಮಂಡಿ ಹೇಗಿದೆ ಇಂದಮ್ಮಾ" ಅಂತ ಕೇಳಿದರು. ಇಂದುಮತಿ ಹೋಗಿ ಇಂದಮ್ಮ ಆಗಿದ್ದೆ ನಾನು. "ನಿನ್ನ ಮೀನು ದೊಡ್ಡದಾದರೆ ಅವರು ಬರಬಹುದು, ಅಲ್ವಾ? ನಂಗೂ ಮಾತಿಗೊಂದು ಜನ ಆಗತ್ತೆ" ಅಂದರು. "ನಿಮ್ಮ ಮಗನ ಮೀನು ಗುಂಡುಕಲ್ಲಿನ ಹಾಗಿದೆಯಲ್ಲ ಅತ್ತೆ" ಅಂದೆ. ಅತ್ತೆ ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿ, "ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಹೋಗಬೇಕಾಗತ್ತೆ ತಾನೇ" ಅಂದರು. ಹೆತ್ತ ಮಗನ ಮೀನಿನ ಬಗ್ಗೆ ಹಾಗಂದರು, ನೋಡಿ. ನಾನಾದರೂ ಹೊರಗಿನಿಂದ ಬಂದವಳು.

ಉಪ್ಪುನೀರಿನ ಮೀನಿಗೆ ದೊಡ್ಡ ರೋಗ ಅಂದರೆ ಬಿಳಿಚುಕ್ಕೆ. ಮೈಮೇಲೆ ಸಕ್ಕರೆ ಉದುರಿಸಿದ ಹಾಗೆ ಚುಕ್ಕೆ ಏಳುತ್ತದೆ, ಹೆಸರು ಕೇಳಿದರೆ ಸಾಕು ಊರಿನ ಜನ ಬೆವರುತ್ತಾರೆ. ಅತ್ತೆ ಪಂಪಿನ ಕೊಳವೆಯ ಬಾಯನ್ನು ಒಂದಿಷ್ಟು ಮೇಲಕ್ಕೆತ್ತಿದರು. ಗಾಳಿ ಹೀರಿಕೊಂಡ ಪಂಪು ನೀರಿನ ತುಂಬ ಸಾಸಿವೆಗಿಂತ ಸಣ್ಣ ಗುಳ್ಳೆ ಉಗುಳಿತು. ಪಂಪಿನ ಎದುರಿನ ಜಾಗ ದೊಡ್ಡ ಮೀನಿನದು, ಅಲ್ಲಿಗೆ ಬೇರೆ ಮೀನುಗಳು ಹೋಗುವ ಹಾಗಿಲ್ಲ. ಆ ದೊಡ್ಡಸ್ತಿಕೆಗೆ ಗುಳ್ಳೆಗಳೆಲ್ಲ ಅದರ ಮೈಗೇ ಅಂಟಿಕೊಂಡವು. ಮುಕುಂದ ಸ್ನಾನ ಮುಗಿಸಿ ಬಂದು ತೊಟ್ಟಿ ನೋಡಿದವರೇ ಅಲ್ಲೇ ಕುಸಿದು ಕೂತರು. "ಚುಕ್ಕೆ ಕಣೇ" ಅಂದರು. "ಅಯ್ಯೋ, ಹೌದಲ್ಲ ರೀ" ಅಂದೆ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಲು ಹೋದರು. ಬಿಳಿಚುಕ್ಕೆ ಬಂದರೆ ನಿಜವಾಗಿ ತೊಟ್ಟಿಯ ಎಲ್ಲ ಮೀನುಗಳನ್ನೂ ತೆಗೆದು ಔಷಧಿಗೆ ಹಾಕಬೇಕು. ಮುಕುಂದರಿಗೆ ತಮ್ಮದೊಂದು ಉಳಿದರೆ ಸಾಕಾಗಿತ್ತು. ತಮ್ಮ ಮೀನನ್ನು ತಾವೇ ಬಲೆಯಲ್ಲಿ ಹಿಡಿದು, ತಾವೇ ಎತ್ತಿಕೊಂಡು ಹೋಗಿ ಆಸ್ಪತ್ರೆ ತೊಟ್ಟಿಗೆ ಬಿಟ್ಟು, ಪಕ್ಕದಲ್ಲಿ ಚಾಪೆ ಹಾಕಿಕೊಂಡು ಮಲಗಿದರು.

ಅವರು ಅಲ್ಲಿ ಔಷಧಿ ಹನಿ ಹಾಕುತ್ತಿದ್ದಷ್ಟು ದಿನ ಹಾಲಿನ ತೊಟ್ಟಿಯಲ್ಲಿ ನನ್ನದೇ ದೊಡ್ಡ ಮೀನು. ಅದಕ್ಕೇನು ಬಂದಿತ್ತೋ, ಇಷ್ಟು ವರ್ಷ ಅದುಮಿಟ್ಟದ್ದೆಲ್ಲ ಒಟ್ಟಿಗೇ ಬೆಳೆಯಿತು. ಪಂಪಿನ ಎದುರಿಗೆ ಹೋಗಿ ನಿಂತಿತು. ಬೆನ್ನು ಅಗಲವಾಯಿತು, ಕಿತ್ತಳೆ ಬಣ್ಣ ಕೆಂಡದ ಹಾಗಾಯಿತು. ಅತ್ತೆಯ ಮರಿ ಅದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಡುಗುತ್ತಿತ್ತು. ಮೇಜಿಗೆ ಕೂತಾಗ ನಾನೂ "ಇನ್ನೊಂದಿಷ್ಟು ಬಡಿಸಿ" ಅನ್ನತೊಡಗಿದೆ. ಮುಕುಂದ ತಮ್ಮ ಮೀನು ಗುಣವಾಯಿತು ಅಂತ ಗಾಜಿನ ಜಾಡಿಯಲ್ಲಿ ಅದನ್ನು ತಂದು ತೊಟ್ಟಿಯ ಹತ್ತಿರ ಹಿಡಿದರು. ನನ್ನದು ಬಾಣದ ಹಾಗೆ ಬಂದು ಗಾಜಿಗೆ ಢಿಕ್ಕಿ ಹೊಡೆಯಿತು. ಅವರದೂ ಬಾಯಿ ತೆರೆದು ನುಗ್ಗಿತು. ಎರಡು ಹೆಣ್ಣುಗಳು ಒಂದು ತೊಟ್ಟಿಯಲ್ಲಿ ಬದುಕುವುದಿಲ್ಲ, ಒಂದು ಸಾಯುವ ತನಕ ಬಿಡುವುದಿಲ್ಲ. ಅವರು ಜಾಡಿಯನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದರು. ತೊಟ್ಟಿ ನನ್ನದು. ಸೊಂಟದ ಕೀಲಿ ತೆಗೆದು ನನ್ನ ಕೈಗೆ ಕೊಡುತ್ತ, "ತಗೋಮ್ಮಾ" ಅಂದರು. ಏನೇ ಅನ್ನುತ್ತಿದ್ದವರು ಏನಮ್ಮಾ ಅನ್ನುವ ಹಾಗಾಯಿತು. ಕೇಳಲು ಚೆನ್ನಾಗಿತ್ತು.

ಮೊದಲು ಮಾಡಿದ ಕೆಲಸ ಅಮ್ಮನಿಗೆ ಫೋನು. "ಕೀಲಿ ನನ್ನ ಕೈಗೆ ಬಂತು ಅಮ್ಮ" ಅಂದೆ. ಆ ಕಡೆಯಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಇದು ನಿಜ, ಇದರಲ್ಲಿ ನಾಟಕವಿಲ್ಲ. "ಯಾವಾಗ ಬರಲೇ?" ಅಂದಳು. ಆಗ ಉಪ್ಪಿನ ಕೋಣೆಯ ಕಡೆ ನೋಡಿದೆ. ಅಲ್ಲಿ ಆಸ್ಪತ್ರೆ ತೊಟ್ಟಿಯಲ್ಲಿ ಗಂಡನ ಮೀನಿತ್ತು, ಅದರ ಪಕ್ಕ ಚಾಪೆಯ ಮೇಲೆ ಗಂಡ ಇದ್ದರು. ಹಾಲಿನ ತೊಟ್ಟಿಯಲ್ಲಿ ಮೀನಿಲ್ಲದ ಮನುಷ್ಯ ತನ್ನ ಮೀನಿರುವ ಕಡೆಯೇ ಮಲಗಬೇಕಲ್ಲ. ಅವರ ಮೀನನ್ನು ಹಾಲಿಗೆ ತಂದುಬಿಟ್ಟರೆ ಎರಡರಲ್ಲಿ ಒಂದು ಸಾಯುತ್ತದೆ. ಅವರದು ಸತ್ತರೆ ಅವರ ಹಾಸಿಗೆ ಹೊಸಿಲಾಚೆ, ನನ್ನದು ಸತ್ತರೆ ನನ್ನದು. ಅಮ್ಮನಿಗೋಸ್ಕರ ಬೇಕು ಅಂತ ನಾನು ಯಾವ ಕೋಣೆಗೆ ಹೊಂಚು ಹಾಕಿದ್ದೆನೋ, ಅದನ್ನು ನಾನೇ ತುಂಬಿಸಿ ಕೂತಿದ್ದೆ. "ಸ್ವಲ್ಪ ಕಾಯಿ ಅಮ್ಮ, ಕೋಣೆ ಖಾಲಿ ಆಗಲಿ" ಅಂದೆ.

ಅಮ್ಮ ಕಾದಳು. ಮತ್ತೆ ಮತ್ತೆ ಫೋನು ಮಾಡಿದಳು, ನಾನು ಮತ್ತೆ ಮತ್ತೆ ಕಾಯಿಸಿದೆ. ನನ್ನ ಬೆಡ್‌ರೂಮಿನಲ್ಲಿ ಮಲಗಿಸಿಕೊಳ್ಳಬಹುದಿತ್ತಲ್ಲ ಅಂತ ಕಾತ್ಯಾಯಿನಿ ಆಮೇಲೆ ಅಪಾರ್ಟ್‌ಮೆಂಟಿನ ತುಂಬ ಆಡಿಕೊಂಡಳಂತೆ. ಅವಳಿಗೇನು ಗೊತ್ತು? ಆ ಬೆಡ್‌ರೂಮು ದೊಡ್ಡ ಮೀನಿನವರದು. ಅತ್ತೆಯ ಕಾಲದಲ್ಲಿ ಅಲ್ಲಿ ನಾನು ಕಸ ಗುಡಿಸಲು ಮಾತ್ರ ಹೋಗುತ್ತಿದ್ದೆ. ಇಷ್ಟು ವರ್ಷಕ್ಕೆ ಒಂದು ಸಲ ಕಾಲು ಚಾಚಿ ಮಲಗುವ ಯೋಗ ಬಂದಿದೆ, ಅಲ್ಲಿ ಯಾರ ಗೊರಕೆಯೂ ಬೇಡ ಅಂತ ನನಗೆ ಅನ್ನಿಸಿದರೆ ಅದು ಅಷ್ಟು ದೊಡ್ಡ ತಪ್ಪಾ? ಹಾಲಿನಲ್ಲಿ ಹಾಕೋಣ ಅಂದರೆ ಬಂದುಹೋಗುವವರು ತೊಟ್ಟಿ ನೋಡಲು ಅಲ್ಲೇ ಕೂರಬೇಕು. ಜವಾಬ್ದಾರಿ ಇರುವವರಿಗೆ ಮಾತ್ರ ಇಂಥ ಸಂಗತಿಗಳು ಹೊಳೆಯುತ್ತವೆ.

ಕಡೆಗೆ ಒಂದು ಬೆಳಿಗ್ಗೆ ಅಮ್ಮ ತಾನೇ ಬಂದುಬಿಟ್ಟಳು. ಕರೆಗಂಟೆ ಒತ್ತಿದಳು, ಅತ್ತೆ ಬಾಗಿಲು ತೆಗೆದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಪುಟ್ಟ ಕೋಡಂಗಿ ಮೀನು. "ಪ್ರಹ್ಲಾದನಿಗೆ ಹೇಳದೆ ಬಂದೆ ಕಣೇ" ಅಂದಳು, ಶಾಲೆ ತಪ್ಪಿಸಿದ ಹುಡುಗಿಯ ಹಾಗೆ ನಗುತ್ತ. "ಕೋಣೆ ಗೀಣೆ ಏನೂ ಬೇಡ. ಈ ಹಾಲಲ್ಲೇ ಒಂದು ಮೂಲೇಲಿ ಬಿದ್ಕೋತೀನಿ. ಹೊಸಿಲೊಳಗೆ ಇದ್ದರೆ ಸಾಕು." ಅವಳ ಹಿಮ್ಮಡಿ ಬಿರುಕುಬಿಟ್ಟು ಮಣ್ಣು ಮೆತ್ತಿಕೊಂಡಿತ್ತು. ಚೀಲ ತೆಗೆದುಕೊಂಡು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟೆ.

ಮುಕುಂದ ಉಪ್ಪಿನ ಕೋಣೆಯ ಬಾಗಿಲಿಗೆ ಬಂದು ನಿಂತರು. ಅತ್ತೆ ಬ್ರಷ್ಷು ಹಿಡಿದುಕೊಂಡೇ ಪಕ್ಕಕ್ಕೆ ಸರಿದರು. ನನ್ನ ಮೀನು ಪಂಪಿನ ಎದುರಿನಿಂದ ನಿಧಾನವಾಗಿ ಬಂತು, ಚೀಲವನ್ನು ಒಂದು ಸುತ್ತು ಹಾಕಿತು, ಎದುರಿಗೆ ನಿಂತು ಗುರಾಯಿಸಿತು. ಅಮ್ಮನ ಮೀನು ಪಕ್ಕಕ್ಕೆ ವಾಲಲಿಲ್ಲ. ನಡುಗಲಿಲ್ಲ. ಇನ್ನೂ ಹತ್ತಿರ ಬಂದು ಪ್ಲಾಸ್ಟಿಕ್ಕಿಗೆ ಮೂತಿ ತಾಗಿಸಿ ನನ್ನದನ್ನೇ ನೋಡುತ್ತ ನಿಂತಿತು. "ನೋಡೇ, ನಿನ್ನದನ್ನ ಹೇಗೆ ಗುರುತು ಹಿಡೀತು" ಅಂದಳು ಅಮ್ಮ. ಅವಳಿಗೆ ಖುಷಿಯೋ ಖುಷಿ. ನಾನು ಕಾದೆ. ಇನ್ನೊಂದಿಷ್ಟು ಹೊತ್ತು ಕಾದೆ. ಬೇಕಾದಷ್ಟು ಅವಕಾಶ ಕೊಟ್ಟೆ, ಇದಕ್ಕೆ ಅತ್ತೆಯೇ ಸಾಕ್ಷಿ. "ಅಮ್ಮ, ಅದು ನಡುಗಬೇಕು" ಅಂದೆ. ಅಮ್ಮ ನನ್ನ ಮುಖ ನೋಡಿ ನಕ್ಕಳು. "ಅಯ್ಯೋ ಹುಚ್ಚೀ, ನಿನ್ನ ಮುಂದೆ ನಾನ್ಯಾಕೆ ನಡುಗಲಿ?"

ಅತ್ತೆ ನನ್ನನ್ನೇ ನೋಡುತ್ತಿದ್ದರು. ಮುಕುಂದ ನನ್ನನ್ನೇ ನೋಡುತ್ತಿದ್ದರು. ತೊಟ್ಟಿಯಲ್ಲಿ ಅತ್ತೆಯ ಮರಿ ಕೂಡ ನಡುಗುವುದನ್ನು ನಿಲ್ಲಿಸಿ ನೋಡುತ್ತಿತ್ತು. ಇವತ್ತು ಒಂದು ಮೀನನ್ನು ಹೀಗೇ ಬಿಟ್ಟುಕೊಂಡರೆ ನಾಳೆ ಈ ಮನೆಯಲ್ಲಿ ಯಾರು ನನ್ನ ಮಾತು ಕೇಳುತ್ತಾರೆ, ನೀವೇ ಹೇಳಿ. ಗಂಟು ಬಿಚ್ಚಿದ್ದರೆ ಅದರ ಗತಿ ಏನಾಗುತ್ತಿತ್ತು ಅನ್ನುವುದೂ ಇತ್ತು. ಒಂದು ರೀತಿಯಲ್ಲಿ ನಾನು ಅಮ್ಮನ ಮೀನಿನ ಜೀವ ಉಳಿಸಿದ ಹಾಗೆಯೇ. ಚೀಲವನ್ನು ನೀರಿನಿಂದ ಎತ್ತಿದೆ, ಟವೆಲ್ಲಿನಿಂದ ಚೆನ್ನಾಗಿ ಒರೆಸಿದೆ, ಅಮ್ಮನ ಕೈಗಿಟ್ಟೆ. ಅವಳು ಚೀಲ ನೋಡಿದಳು, ನನ್ನ ಸೊಂಟದ ಕೀಲಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಇದನ್ನ ಏನು ಮಾಡಲೇ ಇಂದೂ?" ಅಂದಳು.

"ಗಂಟು ಬಿಚ್ಚಿಲ್ಲವಲ್ಲ ಅಮ್ಮ" ಅಂದೆ, "ಅಂಗಡಿಯವನು ವಾಪಸ್ಸು ತಗೋತಾನೆ."